ಕತ್ತಿನ ಮಣ್ಣು

ದಿವಸದ ಕಾರ್ಯ ಮುಗಿದು ಕೊನೆಯ ನೆಂಟರು ಬೆಳಗಾವಿಯ ಬಸ್ಸು ಹತ್ತಿದ ಮರುದಿನ ರವಿವಾರ. ಹಾಲಿನವನು ಎಂದಿನಂತೆ ಗೇಟಿಗೆ ಚೀಲ ಸಿಗಿಸಿ ಹೋಗಿದ್ದ. ನಾನು ಎದ್ದು ಹಾಲು ಕಾಯಿಸಿದೆ. ಮೊಸರಿನ ಪಾತ್ರೆ ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದಾಗ ನಿಂಬೆಹಣ್ಣುಗಳ ಪಕ್ಕದಲ್ಲಿ ಇಂಜೆಕ್ಷನ್ ಪೆನ್ನಿನ ಪೆಟ್ಟಿಗೆ ಕಂಡಿತು. ಅದರ ಮೇಲೆ ಜ್ಯೋತಿಬಾ ಅವರ ಅಕ್ಷರ: 'ರೂಪಾ. ರವಿವಾರ.'

ಜ್ಯೋತಿಬಾ ನನ್ನ ಗಂಡ. ರೂಪಾಲಿ ಅವರ ತಂಗಿ.

ಅವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹಳಿಯಾಳಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವರು ಹಾಗೆಯೇ ಹೋದರು. ಜೊತೆಯವರು ನಿದ್ದೆ ಎಂದುಕೊಂಡಿದ್ದರು. ಸ್ಟ್ಯಾಂಡು ಬಂದ ಮೇಲೆ ಎಬ್ಬಿಸಲು ನೋಡಿದರು. ಹೃದಯ ನಿಂತಿದೆ ಎಂದರು ಡಾಕ್ಟರು. ತೆಳ್ಳಗಿನ ಮನುಷ್ಯ. ನಮ್ಮ ಮನೆಯಲ್ಲಿ ಮೈಯ ಮಾತು ಬಂದಾಗಲೆಲ್ಲ ಎಲ್ಲರೂ ನೋಡುತ್ತಿದ್ದುದು ರೂಪಾಲಿಯ ಕಡೆಗೆ.

ರೂಪಾಲಿ ಕುಸ್ತಿ ಆಡುತ್ತಾಳೆ. ಹಳಿಯಾಳದಲ್ಲಿ ಹುಡುಗಿ ಕುಸ್ತಿ ಆಡುವುದು ಯಾರಿಗೂ ವಿಶೇಷವಲ್ಲ. ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಮಾತ್ರ ವಿಶೇಷವಾಗಿತ್ತು. ಹತ್ತನೆಯ ತರಗತಿಗೇ ಗರಡಿ ಬಿಟ್ಟು ದುಡಿಮೆಗೆ ಇಳಿದ ಅಣ್ಣ ತಂಗಿಯ ಖುರಾಕಿಗೆ ಏನೂ ಕಡಿಮೆ ಮಾಡಿರಲಿಲ್ಲ. ಹಾಲು, ತುಪ್ಪ, ಬಾದಾಮಿ ಅರೆದು ಸಕ್ಕರೆ ಹಾಕಿದ ಥಂಡಾಯಿ. ಗರಡಿಯ ಬೇರೆ ಹುಡುಗಿಯರೂ ಅದನ್ನೇ ಕುಡಿದು ಗಟ್ಟಿಯಾದರು. ಇವಳು ಊದುತ್ತ ಹೋದಳು. ಮುಟ್ಟು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಅರವತ್ತೆರಡು ಕಿಲೋದ ವರ್ಗದಲ್ಲಿ ಆಡುತ್ತಿದ್ದವಳು ಎಪ್ಪತ್ತು ದಾಟಿದಳು. ಕತ್ತಿನ ಹಿಂದೆ ಒಂದು ಕಪ್ಪು ಪಟ್ಟಿ ಮೂಡಿತು. ಮುಟ್ಟಿದರೆ ಮಕಮಲ್ಲಿನ ಹಾಗೆ ದಪ್ಪ.

ಅದು ಗರಡಿಯ ಮಣ್ಣು ಎಂದು ನನ್ನ ಅತ್ತೆ ಗೋದುಬಾಯಿ ತೀರ್ಮಾನಿಸಿದರು. ಹಾಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕುಸ್ತಿಯ ಕೆಮ್ಮಣ್ಣಿಗೆ ಅರಿಸಿನ, ಮಜ್ಜಿಗೆ, ಎಣ್ಣೆ ಎಲ್ಲ ಕಲಸಿ ಹದ ಮಾಡಿರುತ್ತಾರೆ. ಎದುರಾಳಿ ಮೊದಲು ಕೈ ಹಾಕುವುದೇ ಕತ್ತಿಗೆ. ಈ ಊರಿನಲ್ಲಿ ಪೈಲ್ವಾನರ ಕತ್ತು ಕಪ್ಪಾದರೆ ಬೇರೆ ಕಾರಣ ಯಾರೂ ಹುಡುಕುವುದಿಲ್ಲ. ಗೋದುಬಾಯಿ ಮಗಳನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಕಡಲೆಹಿಟ್ಟು ಹಚ್ಚಿ, ಒಣಗಿದ ಹೀರೇಕಾಯಿಯ ನಾರಿನಿಂದ ವರ್ಷಗಟ್ಟಲೆ ತಿಕ್ಕಿದರು. ಕತ್ತು ಕೆಂಪಾಗುತ್ತಿತ್ತು, ಮತ್ತೆ ಕಪ್ಪಾಗುತ್ತಿತ್ತು. ರೂಪಾಲಿ ತುಟಿ ಬಿಚ್ಚುತ್ತಿರಲಿಲ್ಲ.

ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಪುಂಡಲೀಕ ಅವರು ಹುಡುಗಿ ಕದ್ದು ತಿನ್ನುತ್ತಾಳೆ ಎಂದುಕೊಂಡರು. ಒಪ್ಪತ್ತಿಗೆ ಒಂದೇ ರೊಟ್ಟಿ ಎಂದರು. ಅವಳು ಒಂದೇ ರೊಟ್ಟಿ ತಿಂದು ನಸುಕಿನಲ್ಲಿ ದಾಂಡೇಲಿ ರಸ್ತೆಯುದ್ದಕ್ಕೂ ಓಡಿದಳು. ತೂಕ ಇಳಿಯಲಿಲ್ಲ, ಕೈಯ ಹಿಡಿತ ಹೋಯಿತು. ಗರಡಿಯಲ್ಲಿ ಎಮ್ಮಿ ಎಂದು ಹೆಸರಿಟ್ಟರು. ಮನೆಗೆ ಬಂದು ಅದನ್ನು ನಮಗೆ ಹೇಳಿ ತಾನೇ ನಕ್ಕಳು. ನಾನು ಈ ಹುಡುಗಿಯನ್ನು ಮೆಚ್ಚತೊಡಗಿದ್ದು ಆ ದಿನಗಳಲ್ಲಿ.

ಧಾರವಾಡದ ಡಾಕ್ಟರೊಬ್ಬರ ಬಳಿಗೆ ಅವಳನ್ನು ಕರೆದೊಯ್ದವರು ಜ್ಯೋತಿಬಾ. ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು, ಇನ್ಸುಲಿನ್ ಮಾತ್ರ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಇನ್ಸುಲಿನ್‌ನ ಮಾತನ್ನು ಮೈ ಕೇಳುತ್ತಿಲ್ಲ ಎಂದರು ಡಾಕ್ಟರು. ಮೊದಲು ಗುಳಿಗೆ ಕೊಟ್ಟರು. ಅದು ಹೊಟ್ಟೆಗೆ ಒಗ್ಗಲಿಲ್ಲ. ಆಮೇಲೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧ. ಆಟಗಾರರಿಗೆ ನಿಷೇಧವಿರುವ ಪಟ್ಟಿಯಲ್ಲಿ ಇದು ಇಲ್ಲವೆಂದು ನೋಡಿ ಖಾತ್ರಿ ಮಾಡಿಕೊಂಡೇ ಬರೆದುಕೊಟ್ಟರು. ಥಂಡಾಯಿಯ ಸಕ್ಕರೆ ನಿಂತಿತು. ಮೊಟ್ಟೆ, ಮೊಳಕೆ ಕಾಳು ಹೆಚ್ಚಾದವು. ತೂಕ ನಿಧಾನವಾಗಿ ಇಳಿಯಬೇಕು, ಕಸುವು ಇಳಿಯಬಾರದು, ವಾರಕ್ಕೊಮ್ಮೆ ತೂಗಿದರೆ ಸಾಕು ಎಂದು ಹೇಳಿ ಕಳಿಸಿದರು.

ಮನೆಯಲ್ಲಿದ್ದ ಸಣ್ಣ ತೂಕದ ಯಂತ್ರ ಒಂದೊಂದು ಸಲ ಒಂದೊಂದು ಹೇಳುತ್ತಿತ್ತು. ಜ್ಯೋತಿಬಾ ಪೇಟೆಯ ಧಾನ್ಯದ ವ್ಯಾಪಾರಿ ಅಡಿವೆಯ್ಯ ಅವರ ಅಂಗಡಿಯಿಂದ ಚೀಲ ತೂಗುವ ಕಾಟಾವನ್ನೇ ಎರವಲು ತಂದರು. ಅಗಲವಾದ ಕಬ್ಬಿಣದ ಹಲಗೆ, ಒಂದು ಕಂಬ, ಕಂಬದ ತುದಿಯಲ್ಲಿ ಕೆಂಪು ಅಂಕಿಗಳು. ಅದಕ್ಕೆ ವರ್ಷಾವರ್ಷ ಸರ್ಕಾರದ ಮುದ್ರೆ ಬೀಳುತ್ತದೆ, ಅದು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು. ಎರಡು ದಿನಕ್ಕೆಂದು ತಂದದ್ದು ನಮ್ಮ ಪಡಸಾಲೆಯ ಮೂಲೆಯಲ್ಲೇ ಉಳಿಯಿತು.

ಮೊದಲ ವಾರಗಳಲ್ಲಿ ರೂಪಾಲಿಗೆ ಓಕರಿಕೆ ವಿಪರೀತ. ಹಿತ್ತಿಲಲ್ಲಿ ಬಸ್ಕಿ ಹೊಡೆಯುತ್ತಿದ್ದವಳು ನಡುವೆ ಎದ್ದು ಹೋಗಿ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ ಬಂದು, ಬಿಟ್ಟಲ್ಲಿಂದಲೇ ಶುರು ಮಾಡುತ್ತಿದ್ದಳು. ಇಷ್ಟೆಲ್ಲ ತಡೆಯುವವಳು ಸೂಜಿಗೆ ಹೆದರುತ್ತಿದ್ದಳು. ಪ್ರತಿ ರವಿವಾರ ಅಣ್ಣನೇ ಹಾಕಬೇಕು. ಅವರು ಪೆನ್ನು ಹಿಡಿದು, "ಯಾವ ಪಟ್ಟು?" ಎನ್ನುತ್ತಿದ್ದರು. ಅವಳು ಕಣ್ಣು ಮುಚ್ಚಿ ಕುಸ್ತಿಯ ಒಂದು ಪಟ್ಟಿನ ಹೆಸರು ಹೇಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಸೂತಕದಲ್ಲಿ ಇಂಜೆಕ್ಷನ್ ತಪ್ಪಿತ್ತು. ಬರುವ ರವಿವಾರ ಬೆಳಗಾವಿಯಲ್ಲಿ ಆಯ್ಕೆಯ ಕುಸ್ತಿ. ಇಪ್ಪತ್ಮೂರರ ಒಳಗಿನವರ ರಾಜ್ಯ ತಂಡಕ್ಕೆ ಅವಳಿಗೆ ಇದೇ ಕೊನೆಯ ಅವಕಾಶ. ನಾನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಫ್ರಿಜ್ಜಿನ ಬಾಗಿಲು ಮುಚ್ಚಿದೆ.

"ಸ್ವಪ್ನಾ, ಬಾ ಇಲ್ಲೆ," ಎಂದು ಬಚ್ಚಲಿನಿಂದ ಅತ್ತೆ ಕರೆದರು.

ರೂಪಾಲಿ ಬೆನ್ನು ಬಾಗಿಸಿ ಕೂತಿದ್ದಳು. ಅತ್ತೆಯ ಕೈಯಲ್ಲಿ ನಾರು ಇತ್ತು, ತಿಕ್ಕುತ್ತಿರಲಿಲ್ಲ.

"ನೋಡ, ಕಪ್ಪು ಹೋಗಾಕತ್ತೈತಿ."

ನಿಜವಾಗಿತ್ತು. ಪಟ್ಟಿ ಮಾಸಿತ್ತು, ಅಂಚು ಮೈಬಣ್ಣಕ್ಕೆ ತಿರುಗಿತ್ತು. ಅದು ತಿಂಗಳುಗಳ ಔಷಧದ ಕೆಲಸ. ದುಃಖದ ಗಡಿಬಿಡಿಯಲ್ಲಿ ಯಾರೂ ನೋಡಿರಲಿಲ್ಲ.

"ಗರಡಿಗೆ ಹೋಗೂದು ನಿಲ್ಲಿಸಿದ್ಲು, ಮಣ್ಣು ಬಿಟ್ಟತು," ಎಂದರು ಅತ್ತೆ. "ನಾ ಅಂದದ್ದ ಖರೇ ಆತಿಲ್ಲೋ? ಎಲ್ಲಾ ರೋಗ ಆ ಮಣ್ಣಿಂದ. ಇನ್ನ ಗರಡಿನೂ ಬ್ಯಾಡ, ಸೂಜಿನೂ ಬ್ಯಾಡ. ಒಬ್ಬವನ್ನ ಕಳಕೊಂಡೇನಿ. ಇನ್ನೊಬ್ಬಾಕಿನ್ನ ಕಳಕೊಳ್ಳಾಕ ನನ್ನ ಕಡಿಂದ ಆಗೂದಿಲ್ಲ."

ರೂಪಾಲಿಯ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಏನಾದರೂ ಹೇಳಬೇಕಿತ್ತು. ಹೇಳುವುದು ಏನೆಂದು ಗೊತ್ತಿತ್ತು ಕೂಡ. ಬಾಯಿ ತೆರೆಯಲಿಲ್ಲ. ಆ ದಿನಗಳಲ್ಲಿ ನನ್ನ ಮಾತು ಯಾವುದೋ ದೂರದ ಕೋಣೆಯಲ್ಲಿ ಇದ್ದಂತೆ ಇತ್ತು, ಅಲ್ಲಿಯವರೆಗೆ ನಡೆದು ಹೋಗಿ ತರುವ ಮನಸ್ಸಿರಲಿಲ್ಲ. ಅತ್ತೆಯ ಮೇಲೆ ಸಿಟ್ಟೂ ಬರಲಿಲ್ಲ. ಮೂರು ದಿನದ ಹಿಂದೆ ನನ್ನ ತಾಳಿ ತೆಗೆಸಿದ ಹೆಂಗಸರು ಬಳೆಗೂ ಕೈ ಹಾಕಿದಾಗ ಇದೇ ಗೋದುಬಾಯಿ ಅಡ್ಡ ಬಂದು, "ಆಕಿ ಕಾಲೇಜದಾಗ ಹುಡುಗರಿಗೆ ಪಾಠಾ ಹೇಳಾಕಿ, ಬಳಿ ಇರಲಿ," ಎಂದಿದ್ದರು. ತಮ್ಮ ಮಗನ ಹೆಣ ಎತ್ತಿದ ಮನೆಯಲ್ಲಿ ಅಷ್ಟು ಯೋಚಿಸುವುದು ಸಣ್ಣ ಮಾತಲ್ಲ.

ಹೊತ್ತು ಏರಿದ ಮೇಲೆ ಪುಂಡಲೀಕ ವಸ್ತಾದರು ಬಂದರು. ಕಾಟಾದ ಪಕ್ಕದ ಕುರ್ಚಿಯಲ್ಲಿ ಕೂತು ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, "ಚಲೋ ಹುಡುಗ," ಎಂದರು. ಮತ್ತೆ ರೂಪಾಲಿಯ ಕಡೆ ತಿರುಗಿ, "ರೂಪಾ, ಈಗ ಎಷ್ಟದೀ?"

"ಅರವತ್ತಾರರ ಹತ್ರ ಅದೇನ್ರಿ."

"ಆಕಿ ಬರೂದಿಲ್ರಿ," ಎಂದರು ಅತ್ತೆ ಅಡುಗೆಮನೆಯ ಬಾಗಿಲಿನಿಂದ.

ವಸ್ತಾದರು ಅದನ್ನು ಕೇಳಿಸಿಕೊಳ್ಳದವರ ಹಾಗೆ, "ಒಂದ ವಾರ ಐತಿ. ಆ ಸೂಜಿ ಎರಡರಷ್ಟು ಹಾಕ್ಕೋ. ಊಟಾನ ಹೋಗೂದಿಲ್ಲಲಾ ಅದರಾಗ? ಅರವತ್ತೆರಡಕ್ಕ ಇಳೀತಿ," ಎಂದರು.

ರೂಪಾಲಿ ನೆಲದ ಮೇಲೆ ಕಾಲು ಮಡಚಿ ಕೂತಿದ್ದಳು. "ವಸ್ತಾದ್ರ, ನಾವು ಮ್ಯಾಟ್ ಮ್ಯಾಲ ಇದ್ದಾಗ ನೀವು ಸೀಟಿ ಹೊಡೀತೀರಿ. ನಮಗ ಕೇಳಲಿಲ್ಲಂದ್ರ ಏನ ಮಾಡ್ತೀರಿ?"

"ಜೋರ ಹೊಡೀತೇನಿ."

"ಆಗೂ ಕೇಳಲಿಲ್ಲಂದ್ರ?"

"ಇನ್ನೂ ಜೋರ. ಯಾಕ?"

"ನನ್ನ ಮೈಯಾಗ ಅದ ನಡದಿತ್ರಿ. ಇನ್ಸುಲಿನ್ ಸೀಟಿ ಹೊಡದೂ ಹೊಡದೂ ಸಾಕಾಗಿತ್ತು, ಮೈ ಕಿವುಡಾಗಿತ್ತು. ಈಗ ಒಂದೀಟ ಕೇಳಾಕ ಹತ್ತೈತಿ. ಈ ಸೂಜಿ ಅದಕ್ಕ ಔಷಧ ರೀ, ಕತ್ತರಿ ಅಲ್ಲ, ಬೇಕಾದಷ್ಟು ಕತ್ತರಿಸಿ ಒಗ್ಯಾಕ. ಎರಡರಷ್ಟು ಹಾಕ್ಕೊಂಡು ನಾ ಅರವತ್ತೆರಡಕ್ಕ ಬಂದ್ರೂ ನಿಲ್ಲಾಕ ಕಾಲ ಇರೂದಿಲ್ಲ. ಅರವತ್ತೆಂಟರಾಗ ಆಡ್ತೇನಿ."

"ಅರವತ್ತೆಂಟರಾಗ ಮುಂಡಗೋಡದ ತುಳಜಾ ಅದಾಳ. ಎಮ್ಮಿ ಎಳದಂಗ ಎಳೀತಾಳ."

"ಎಳೀಲಿ ಬಿಡ್ರಿ. ಗರಡ್ಯಾಗ ಎಲ್ಲಾರೂ ನನಗ ಅದ ಹೆಸರ ಇಟ್ಟೀರಿ."

ವಸ್ತಾದರು ನಗಲೂ ಆಗದೆ, ಸಾವಿನ ಮನೆಯೆಂದು ತಡೆಯಲೂ ಆಗದೆ ಮೀಸೆಯ ಮೇಲೆ ಕೈ ಇಟ್ಟುಕೊಂಡರು.

ಅತ್ತೆ ಚಹಾ ತಂದರು. "ಅರವತ್ತೆಂಟೂ ಇಲ್ಲ, ಎಪ್ಪತ್ತೂ ಇಲ್ಲ. ಗರಡಿ ಬಿಟ್ಟಾಳ, ಮಣ್ಣೂ ಬಿಟ್ಟೈತಿ," ಎನ್ನುತ್ತ ಕಪ್-ಬಸಿಯನ್ನು ವಸ್ತಾದರ ಮುಂದಿನ ಸ್ಟೂಲಿನ ಮೇಲೆ ಇಡಲು ಬಾಗಿದರು. ತಲೆಯ ಮೇಲಿನ ಸೆರಗು ಜಾರಿತು.

ರೂಪಾಲಿ ಕೆಳಗೆ ಕೂತಿದ್ದರಿಂದ ಅವಳಿಗೇ ಮೊದಲು ಕಂಡಿತು. ಆಮೇಲೆ ನನಗೆ. ಅತ್ತೆಯ ಕತ್ತಿನ ಹಿಂದೆ, ನರೆತ ತುರುಬಿನ ಕೆಳಗೆ, ಅದೇ ಪಟ್ಟಿ. ಮಗಳದ್ದಕ್ಕಿಂತ ಅಗಲ, ಮಗಳದ್ದಕ್ಕಿಂತ ಕಪ್ಪು.

"ಅವ್ವಾ," ಎಂದಳು ರೂಪಾಲಿ, "ನೀ ಯಾವ ಗರಡಿಗೆ ಹೋಗಿದ್ದಿ?"

"ಏನಂದಿ?"

ಅವಳು ಎದ್ದು ಬಂದು ಬೆರಳಿನಿಂದ ಅಲ್ಲಿ ಮುಟ್ಟಿದಳು. ಅತ್ತೆ ಸರಕ್ಕನೆ ಸೆರಗು ಎಳೆದುಕೊಂಡರು. "ಅದು ಸರದ ಕಪ್ಪು. ಬೋರಮಾಳ ಹಾಕ್ಕೋತಿದ್ನೆಲ್ಲ, ಅದರದ್ದು."

"ಅಪ್ಪಾ ಹೋದಾಗ ತಗದಿಟ್ಟಿ," ಎಂದಳು ರೂಪಾಲಿ ಮೆಲ್ಲಗೆ. "ಎಷ್ಟ ವರ್ಷಾತವ್ವಾ?"

ನನ್ನ ಕೈ ತಾನಾಗಿಯೇ ನನ್ನ ಬರಿಗತ್ತಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮಾತು ಇದ್ದ ಆ ದೂರದ ಕೋಣೆಗೆ ಆಗ ನಡೆದು ಹೋದೆ.

"ಅತ್ತಿ, ಅದು ಮಣ್ಣಲ್ಲ, ಸರದ್ದೂ ಅಲ್ಲ," ಎಂದೆ. "ಮೈಯಾಗ ಇನ್ಸುಲಿನ್ ಹೆಚ್ಚಾದ್ರ ಕತ್ತು ಹಂಗ ಆಗ್ತೈತಿ. ರೂಪಾಗೂ ಅದ, ನಿಮಗೂ ಅದ ಇರಬೇಕು. ನೀವು ಉಂಡ ಮ್ಯಾಲ ಕಣ್ಣ ಎಳೀತಾವ ಅಂತೀರಿ, ರೂಪಾ ಹುಟ್ಟೂ ಮುಂದ ಸಕ್ಕರಿ ಏರಿತ್ತು ಅಂತ ನೀವ ಹೇಳೀರಿ. ರೂಪಾಂದು ಈಗ ಕಡಿಮಿ ಆಗಾಕತ್ತಿದ್ದು ಔಷಧದಿಂದ, ಗರಡಿ ಬಿಟ್ಟದ್ದಕ್ಕಲ್ಲ."

ಆ ವಾರಗಳಲ್ಲಿ ನಾನು ಆಡಿದ ಎಲ್ಲಕ್ಕಿಂತ ಉದ್ದದ ಮಾತು ಅದು.

ವಸ್ತಾದರು ಚಹಾ ಮುಗಿಸಿ ಎದ್ದರು. "ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗೂಣು. ಅರವತ್ತೆಂಟರಾಗ ಹೆಸರ ಬರಸ್ತೇನಿ," ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದರು. ಅತ್ತೆ ಬಸಿ ತೊಳೆಯಲು ಒಳಗೆ ಹೋದರು.

ಊಟವಾದ ಮೇಲೆ ಹಿತ್ತಿಲಿನಿಂದ ಅವರ ದನಿ ಕೇಳಿತು. "ರೂಪಾ, ನಾರು ತಗೊಂಡ ಬಾ."

ನಾನು ಹೋಗಿ ನೋಡಿದೆ. ಅತ್ತೆ ಬಚ್ಚಲ ಕಲ್ಲಿನ ಮೇಲೆ ತಾವೇ ಕೂತಿದ್ದರು. ಸೆರಗು ಇಳಿಸಿ, ತುರುಬನ್ನು ಎತ್ತಿ ಹಿಡಿದು, ಮಗಳಿಗೆ ಬೆನ್ನು ಕೊಟ್ಟಿದ್ದರು.

"ತಿಕ್ಕು. ನೋಡೇ ಬಿಡೂಣು."

"ಬ್ಯಾಡವ್ವಾ."

"ತಿಕ್ಕಂದ್ರ ತಿಕ್ಕು."

ರೂಪಾಲಿ ಕಡಲೆಹಿಟ್ಟು ಹಚ್ಚಿ ತಿಕ್ಕಿದಳು.

"ಹೋತೇನು?"

"ಇಲ್ಲ."

"ಪೈಲ್ವಾನಕಿ ಅಂತ, ಕೈಯಾಗ ಕಸುವ ಇಲ್ಲ. ಗಟ್ಟಿ ತಿಕ್ಕು."

ಅವಳು ಇನ್ನಷ್ಟು ಬಲ ಹಾಕಿದಳು. ಚರ್ಮ ಕೆಂಪಾಯಿತು. ನೀರು ಹಾಕಿದರೆ ಕಪ್ಪು ಅಲ್ಲೇ ಇತ್ತು.

"ಇಲ್ಲವ್ವಾ. ಹೋಗೂದಿಲ್ಲ."

ಅತ್ತೆ ಕೈ ಹಿಂದೆ ಮಾಡಿ ಕತ್ತು ಮುಟ್ಟಿಕೊಂಡರು. "ಇಷ್ಟ ಉರೀತೈತೇನು?"

ರೂಪಾಲಿ ನಾರನ್ನು ಹಿಂಡಿದಳು.

"ಇಷ್ಟು ವರ್ಷ ತಿಕ್ಕಿದ್ನಲ್ಲ. ಒಮ್ಮೆರ ಉರೀತೈತಿ ಅನಬಾರದಾಗಿತ್ತೇನು?"

"ಅಂದಿದ್ರ ಬಿಡ್ತಿದ್ದೇನು?"

ಅತ್ತೆ ಯೋಚಿಸಿದರು. "ಬಿಡ್ತಿದ್ದಿಲ್ಲ," ಎಂದರು.

ಆ ಮಾತಿಗೆ ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಅತ್ತೆ ಎದ್ದು ನಿಂತು, ನಾರನ್ನು ಮಗಳ ಕೈಯಿಂದ ತೆಗೆದುಕೊಂಡು ನೀರೊಲೆಯ ಬಾಯಿಗೆ ತುರುಕಿದರು. ಹಸಿಯಾಗಿದ್ದರಿಂದ ಹೊಗೆಯಾಡಿತು.

"ಹೋಗಿ ಬಾ," ಎಂದರು ಅವಳಿಗೆ. ನನ್ನ ಕಡೆ ತಿರುಗಿ, "ಆ ಡಾಕ್ಟರ ಹಂತ್ಯಾಕ ನನ್ನೂ ಒಮ್ಮೆ ಕರಕೊಂಡ ಹೋಗ. ನನಗೂ ಸೂಜಿನ ಬೇಕಾಗ್ತೈತೋ, ಬರೇ ಅನ್ನಾ ಕಡಿಮಿ ಮಾಡಿದ್ರ ಸಾಕೋ, ಕೇಳೂಣು. ಗಂಡ ಸಕ್ಕರಿ ಬ್ಯಾನ್ಯಾಗ ಕಾಲ ಕಳಕೊಂಡ್ರು. ನಾ ನೋಡೇನಿ ಅದನ್ನ."

ಅರವತ್ತರ ಹತ್ತಿರದ ಹೆಂಗಸು, ಮಗನನ್ನು ಸುಟ್ಟು ಬಂದು ತಿಂಗಳು ತುಂಬಿಲ್ಲ. ವರ್ಷಗಳಿಂದ ನಂಬಿದ್ದನ್ನು ತನ್ನದೇ ಕತ್ತಿನ ಮೇಲೆ ತಿಕ್ಕಿ ನೋಡಿ, ಒಂದೇ ಮಧ್ಯಾಹ್ನದಲ್ಲಿ ಒಲೆಗೆ ಹಾಕಿದರು. ನಾನು ಪ್ರಯೋಗಾಲಯದಲ್ಲಿ ಹುಡುಗರಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಬಂದ ಫಲಿತಾಂಶವನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ಹೆಚ್ಚು ನೋಡಿಲ್ಲ.

ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ. ಜ್ಯೋತಿಬಾ ಹೋದ ಸುದ್ದಿ ಕೇಳಿ ಅವರು ಯಾವಾಗ, ಹೇಗೆ ಎಂದು ವಿಚಾರಿಸಿದರು. ತಪ್ಪಿದ್ದನ್ನು ಸೇರಿಸಿ ಹಾಕಬೇಡಿ, ಹಿಂದಿನ ಪ್ರಮಾಣವನ್ನೇ ಇವತ್ತು ಹಾಕಿ, ಓಕರಿಕೆ ಹೆಚ್ಚಾದರೆ ನನಗೆ ತಿಳಿಸಿ ಎಂದರು.

ಪೆನ್ನನ್ನು ಹೊರಗಿಟ್ಟು ತಂಪು ಕಳೆಯುವವರೆಗೆ ಕಾದೆ. ರೂಪಾಲಿ ಮಂಚದ ಅಂಚಿಗೆ ಕೂತು ಅಂಗಿ ಎತ್ತಿ ಹಿಡಿದಳು.

"ವೈನಿ, ನಿಮಗ ಬರ್ತೈತೇನ್ರಿ?"

"ನೋಡೇನಿ."

ನನ್ನ ಕೈ ನಡುಗಲಿಲ್ಲ. ಆ ದಿನಗಳಲ್ಲಿ ನನ್ನಲ್ಲಿ ಯಾವುದೂ ನಡುಗುತ್ತಿರಲಿಲ್ಲ. ಒಂದು ಕೆಲಸಕ್ಕಾದರೂ ಅದು ಉಪಯೋಗಕ್ಕೆ ಬಂತು. ಹೊಟ್ಟೆಯ ಪಕ್ಕದಲ್ಲಿ ಸ್ಪಿರಿಟ್ ಒರೆಸಿದೆ. ಅವಳ ಮೈ ಬಿಗಿಯಿತು.

"ಯಾವ ಪಟ್ಟು?" ಎಂದೆ.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಮತ್ತೆ ಮುಚ್ಚಿದಳು. "ಧೋಬಿ," ಎಂದಳು.

ಕಟಕ್ ಎಂದಿತು. ಔಷಧ ಒಳಗೆ ಇಳಿಯುವಷ್ಟು ಹೊತ್ತು ಒತ್ತಿ ಹಿಡಿದು ತೆಗೆದೆ.

"ದಾದಾಗಿಂತ ಚಲೋ ಹಾಕ್ತೀರಿ," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಒಡೆಯಿತು. ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಳು. ಅಣ್ಣನ ಹೆಣದ ಮುಂದೆಯೂ ಅಷ್ಟು ಅತ್ತಿರಲಿಲ್ಲ. ನಾನು ಅವಳ ಕತ್ತಿನ ಮೇಲೆ, ಮಾಸುತ್ತಿದ್ದ ಪಟ್ಟಿಯ ಮೇಲೆ ಕೈ ಇಟ್ಟು ಕೂತೆ.

ಆ ವಾರ ಅವಳು ಬೆಳಿಗ್ಗೆ ಸಂಜೆ ಗರಡಿಗೆ ಹೋದಳು. ಕಾಟಾದ ಮೇಲೆ ಒಮ್ಮೆಯೂ ಹತ್ತಲಿಲ್ಲ. ಅತ್ತೆ ಮೊಟ್ಟೆ ಬೇಯಿಸಿದರು. ತಾವು ತಿನ್ನದ ಮೊಟ್ಟೆಯನ್ನು ಮೂಗು ತಿರುವುತ್ತ ಸುಲಿದು ಕೊಟ್ಟರು. ತಟ್ಟೆ ಖಾಲಿಯಾಗುವವರೆಗೆ ಎದುರಿಗೆ ಕೂತಿರುತ್ತಿದ್ದರು.

ಶುಕ್ರವಾರ ರಾತ್ರಿ ಚೀಲ ತುಂಬುತ್ತ ರೂಪಾಲಿ, "ವೈನಿ, ಅದನ್ನ ಕೊಟ್ಟ ಬಿಡೂಣು," ಎಂದು ಮೂಲೆಯ ಕಡೆ ಗಲ್ಲ ತೋರಿಸಿದಳು. "ತಿಂಗಳಿಗೊಮ್ಮೆ ಡಾಕ್ಟರ ಕಡೆ ಹೋದಾಗ ಅಲ್ಲೇ ತೂಗ್ತಾರ. ಮನ್ಯಾಗ ಇದ್ರ ಎಲ್ಲಾರೂ ಅದನ್ನ ನೋಡ್ತೀರಿ, ನನ್ನ ನೋಡೂದಿಲ್ಲ."

ಶನಿವಾರ ಬಸ್ಸಿನ ಹೊತ್ತಿಗಿಂತ ಮೊದಲೇ ಹೊರಟೆವು. ಬೆಳಗಾವಿಗೆ ಯಾವಾಗಲೂ ಜ್ಯೋತಿಬಾ ಹೋಗುತ್ತಿದ್ದರು, ಈ ಸಲ ನಾನು. ಪೇಟೆಯವರೆಗೆ ಕಾಟಾದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಭಾರವೆಲ್ಲ ತನ್ನ ಕಡೆಗೆ ಬರುವಂತೆ ಅವಳು ಓರೆಯಾಗಿ ಹಿಡಿದಿದ್ದಳು.

ಅಡಿವೆಯ್ಯ ಅವರ ಅಂಗಡಿಯ ಮುಂದೆ ಗೋವಿನಜೋಳದ ಚೀಲಗಳು ಗೋಡೆಯ ಹಾಗೆ ಏರಿದ್ದವು. ಸುಗ್ಗಿ ಶುರುವಾಗಿತ್ತು. ಅವರು ತೊಲೆಗೆ ಕಟ್ಟಿದ ಹಳೆಯ ತಕ್ಕಡಿಯಲ್ಲಿ, ಕಬ್ಬಿಣದ ಕಲ್ಲುಗಳನ್ನು ಎತ್ತಿಟ್ಟು ತೂಗುತ್ತಿದ್ದರು. ಬೆವರಿಗೆ ಹಣೆಯ ವಿಭೂತಿ ಅಳಿಸಿತ್ತು.

"ಬರ್ರಿ ಟೀಚರ್ರ," ಎಂದು ಕೆಳಗಿಳಿದು ಬಂದರು.

"ಇದನ್ನ ಯಾಕ ಕೇಳಲಿಲ್ರಿ?" ಎಂದೆ. "ಸುಗ್ಗಿ ಬಂದೈತಿ."

"ಕೇಳಿದ್ರ ಜ್ಯೋತಿಬಾ ಕೊಟ್ಟ ಬಿಡ್ತಿದ್ದ," ಎಂದರು. "ಅದಕ್ಕ ಕೇಳಲಿಲ್ಲ."

ಹಲಗೆಯನ್ನು ಸಮನೆಲದ ಮೇಲೆ ಇಟ್ಟು, ವಯರು ಸಿಕ್ಕಿಸಿದರು. ಕೆಂಪು ಸೊನ್ನೆಗಳು ಹೊತ್ತಿಕೊಂಡವು. ರೂಪಾಲಿಯ ಚೀಲವನ್ನು ನೋಡಿ, "ಕುಸ್ತಿಗೆ ಹೊಂಟಿಯೇನು? ಬಾ, ಒಮ್ಮೆ ಹತ್ತು. ನೋಡೂಣು," ಎಂದರು.

"ಬ್ಯಾಡ್ರಿ. ನಾಳೆ ಅಲ್ಲೇ ಹತ್ತತೇನಿ."

"ಹಂಗಾರ ಇದಕ್ಕ ಜ್ವಾಳಾನ ಆತು," ಎಂದು ಒಂದು ಚೀಲವನ್ನು ಎಳೆದು ಹಲಗೆಯ ಮೇಲೆ ನಿಲ್ಲಿಸಿದರು. ಅಂಕಿಗಳು ಓಡಿದವು, ತುಸು ಹೊಯ್ದಾಡಿದವು, ನಿಂತವು. ಅದೇ ಚೀಲವನ್ನು ಅವರು ಆಗಷ್ಟೇ ಕಲ್ಲಿಟ್ಟು ತೂಗಿದ್ದರು. ಬಗ್ಗಿ ನೋಡಿ ತಲೆಯಾಡಿಸಿದರು.

"ಸರಿ ಐತಿ," ಎಂದರು. "ಚಲೋ ಇಟ್ಟಾನ."

"ಹೂಂನ್ರಿ," ಎಂದೆ.